ಒಳಗೆ ಹೋಯ್ತು ಅಂದ ಮಾತ್ರಕ್ಕೆ ಅದು ನಿಮ್ಮ ಕೋವಿಯ ತೋಟಾ ಅಲ್ಲ

ನಮ್ಮ ಮನೆ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅಜ್ಜ ತೀರಿಕೊಂಡ ಮೇಲೆ ಕೋವಿಯ ಲೈಸೆನ್ಸು ಅಪ್ಪನ ಹೆಸರಿಗೆ ಆಗಬೇಕಿತ್ತಲ್ಲ, ಆ ಕಾಗದ ಹುಡುಕುವಾಗ ಸಿಕ್ಕಿದ್ದು. ಮುಚ್ಚಳ ತೆಗೆದರೆ ಒಳಗೆ ತೋಟಾಗಳು. ಕೆಂಪು ಕಾಗದದ 12 ಬೋರಿನವು ಒಂದಷ್ಟು, ಹಿತ್ತಾಳೆಯ ಉದ್ದನೆಯವು ಎರಡು, ಒಂದು ಹಿಡಿ ಪಾಯಿಂಟ್ ಟೂಟೂ (.22, ಸಣ್ಣ ರೈಫಲಿನದ್ದು), ಮತ್ತೆ ನೋಡೋಕೆ 12 ಬೋರಿನ ಹಾಗೇ ಇರುವ ಆದರೆ ಒಂಚೂರು ಸಪೂರ ಇರುವ ಒಂದು. ನನ್ನ ತಮ್ಮ ಆಗ ಪಿಯುಸಿ. "ಇದೂ ಹೋಗುತ್ತೆ ನೋಡೋ" ಅಂತ ಆ ಸಪೂರದ್ದನ್ನು ಜೋಡುನಳಿಗೆಯ ಬಲಗಡೆ ನಳಿಗೆಗೆ ಬಿಟ್ಟ. ಹೋಯಿತು. ಹೋಗಿದ್ದಷ್ಟೇ ಅಲ್ಲ, ಕಣ್ಣಿಗೆ ಕಾಣದ ಹಾಗೆ ಒಳಗೆ ಜಾರಿಬಿಟ್ಟಿತು.

ಅಪ್ಪ ಒಂದು ಮಾತೂ ಆಡಲಿಲ್ಲ. ಕೋವಿಯನ್ನು ಮುಚ್ಚದೆ ಹಾಗೇ ಬಾಯಿ ತೆರೆದ ಸ್ಥಿತಿಯಲ್ಲಿ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಮಾರನೇ ದಿನ ಕೋವಿ ರಿಪೇರಿಯವರು ಬಂದು ಅದನ್ನು ತೆಗೆದರು. ಅದು 20 ಬೋರಿನ ತೋಟಾ. ಅದು ಎಲ್ಲಿಂದ ಬಂತು, ಯಾರದ್ದು, ಅಜ್ಜನಿಗೇ ಗೊತ್ತು. ಅವತ್ತು ಯಾರಾದರೂ "ಅಯ್ಯೋ, ಕೋವಿ ಖಾಲಿ ಇದೆ" ಅಂದುಕೊಂಡು ಹಿಂದಿನಿಂದ ಒಂದು 12 ಬೋರ್ ತೋಟಾ ಹಾಕಿ ಮಂಗ ಓಡಿಸೋಕೆ ಈಡು ಹೊಡೆದಿದ್ದರೆ ಏನಾಗುತ್ತಿತ್ತು ಅಂತ ಮುಂದೆ ಹೇಳುತ್ತೇನೆ.

ಮಲೆನಾಡು, ಕೊಡಗಿನ ಕಡೆ ಕೋವಿ ಇರುವ ಮನೆ ಬೇಕಾದಷ್ಟಿವೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದು 2029ರ ಅಕ್ಟೋಬರ್ ತನಕ ಮುಂದುವರಿದಿದೆ. ಉಳಿದವರು ಬೆಳೆ ರಕ್ಷಣೆಗೆ ಅಂತ ಲೈಸೆನ್ಸು ಮಾಡಿಸಿಕೊಂಡಿರುತ್ತಾರೆ. ಎಲೆಕ್ಷನ್ ಬಂದಾಗ ಠಾಣೆಗೆ ಕೊಡುವುದು, ಮುಗಿದ ಮೇಲೆ ತರುವುದು, ಆಯುಧಪೂಜೆಗೋ ಕೈಲ್‌ಪೋಳ್ದಿಗೋ ಹೊರಗೆ ತೆಗೆದು ಎಣ್ಣೆ ಹಾಕಿ ಒರೆಸುವುದು, ಇಷ್ಟೆಲ್ಲ ಎಲ್ಲರಿಗೂ ರೂಢಿ. ಆದರೆ ನಿಮ್ಮ ಕೋವಿಗೆ ಸರಿಯಾದ ತೋಟಾ ಯಾವುದು ಅಂತ ಕೇಳಿದರೆ ತುಂಬಾ ಜನ "ಅಂಗಡಿಯವನು ಕೊಡ್ತಾನೆ" ಅಂತಾರೆ, ಇಲ್ಲಾಂದ್ರೆ "ಹೋಗೋದು" ಅಂತಾರೆ. ಈ "ಹೋಗೋದು" ಅನ್ನೋ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನು ನಡೆಯುತ್ತೆ ಅಂತ ನೋಡೋಣ. ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗಕ್ಕೆ ಚೇಂಬರ್ ಅಂತಾರೆ. ಅದು ಒಂದೇ ಒಂದು ತೋಟಾದ ಆಕಾರಕ್ಕೆ ಕೊರೆದ ಅಚ್ಚು ಇದ್ದ ಹಾಗೆ. ತೋಟಾದ ಹೊರಕವಚಕ್ಕೆ ಕೇಸು ಅಂತಾರೆ. ಹಿತ್ತಾಳೆ ಕೇಸು ತೆಳು, ತಾನೇ ಆ ಒತ್ತಡ ತಡೆದುಕೊಳ್ಳುವ ತಾಕತ್ತು ಅದಕ್ಕಿಲ್ಲ. ಮದ್ದು ಉರಿದಾಗ ಅದು ಹಿಗ್ಗಿ ಚೇಂಬರಿನ ಉಕ್ಕಿನ ಗೋಡೆಗೆ ಒತ್ತಿಕೊಳ್ಳುತ್ತೆ, ಆ ಗೋಡೆಯೇ ಒತ್ತಡ ತಡೆಯುವುದು. ಎಷ್ಟು ಒತ್ತಡ ಅಂದರೆ, ಕಾರಿನ ಟೈರಿಗೆ ನಾವು 32 ಪಿಎಸ್‌ಐ ಗಾಳಿ ಹಾಕಿಸುತ್ತೇವಲ್ಲ, ಸಾಮಾನ್ಯ 12 ಬೋರ್ ತೋಟಾದ ಗರಿಷ್ಠ ಮಿತಿ 11,500 ಪಿಎಸ್‌ಐ, .30-06 ರೈಫಲ್ ತೋಟಾದ್ದು 60,000. ಟೈರಿನ ಸಾವಿರದೆಂಟುನೂರು ಪಟ್ಟು, ಅದೂ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ತೋಟಾ ಚೇಂಬರಿಗಿಂತ ಗಿಡ್ಡ ಇದ್ದರೆ ಹಿಂದೆ ಮುಂದೆ ಆಡೋಕೆ ಜಾಗ ಸಿಗುತ್ತೆ. ಹಿತ್ತಾಳೆ ಎಳೆದುಕೊಂಡು ಬುಡದ ಹತ್ತಿರ ಹರಿಯುತ್ತೆ, ಬಿಸಿ ಗಾಳಿ ಬೋಲ್ಟ್ (ರೈಫಲಿನ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಕಡೆಗೆ ನುಗ್ಗುತ್ತೆ. ಅಂದರೆ ನಿಮ್ಮ ಮುಖದ ಕಡೆಗೆ. ಗುಂಡು ನಳಿಗೆಗಿಂತ ದಪ್ಪ ಇದ್ದರೆ ಇನ್ನೂ ಕೆಟ್ಟದ್ದು, ಮುಂದೆ ಹೋಗಲು ದಾರಿ ಇಲ್ಲದೆ ಒತ್ತಡ ಏರುತ್ತಲೇ ಹೋಗುತ್ತೆ. ಗುಂಡು ನಳಿಗೆಗಿಂತ ಸಪೂರ ಇದ್ದರೆ ಕೋವಿ ಒಡೆಯದೇ ಇರಬಹುದು, ಆದರೆ ಗುಂಡು ಎಲ್ಲಿಗೆ ಹೋಗುತ್ತೆ ಅಂತ ದೇವರಿಗೂ ಗೊತ್ತಿಲ್ಲ.

ಈಗ 12 ಬೋರಿನ ಕತೆ

ಬೋರ್ ಅಂದರೆ ಏನು ಅಂತ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಉಂಡೆ ಮಾಡಿದರೆ, ಆ ಒಂದು ಉಂಡೆಯ ಅಗಲ ಎಷ್ಟೋ ಅಷ್ಟು ಅಗಲದ ನಳಿಗೆ 12 ಬೋರ್. 20 ಉಂಡೆ ಮಾಡಿದರೆ 20 ಬೋರ್. ಹಾಗಾಗಿ ಸಂಖ್ಯೆ ಜಾಸ್ತಿ ಆದಷ್ಟು ನಳಿಗೆ ಸಣ್ಣದು. 12 ಬೋರಿನ ನಳಿಗೆ ಸುಮಾರು 18.5 ಮಿ.ಮೀ., 20 ಬೋರಿನದ್ದು 15.6.

ಆ 3 ಮಿ.ಮೀ. ವ್ಯತ್ಯಾಸವೇ ಅಪಾಯ. 20 ಬೋರ್ ತೋಟಾದ ಬುಡದ ಅಂಚು 12 ಬೋರಿನ ಚೇಂಬರಲ್ಲಿ ನಿಲ್ಲಲ್ಲ, ಒಳಗೆ ಜಾರುತ್ತೆ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಅದರ ಹಿಂದೆ 12 ಬೋರಿನ ತೋಟಾ ಆರಾಮಾಗಿ ಕೂರುತ್ತೆ, ಕೋವಿ ಮುಚ್ಚಿಕೊಳ್ಳುತ್ತೆ, ಏನೂ ಅನುಮಾನ ಬರಲ್ಲ. ಹೊಡೆದರೆ ಹಿಂದಿನ ತೋಟಾದ ಚರೆ (ಒಳಗೆ ತುಂಬಿರುವ ಸಣ್ಣ ಸಣ್ಣ ಗುಂಡುಗಳು) ಮುಂದಿನ ಜೀವಂತ ತೋಟಾಗೆ ಬಡಿಯುತ್ತೆ. ನಳಿಗೆ ಒಡೆಯುವ ಜಾಗ ಎಲ್ಲಿ ಗೊತ್ತಾ? ನಿಮ್ಮ ಎಡಗೈ ಹಿಡಿದುಕೊಂಡಿರುವ ಜಾಗದ ಆಸುಪಾಸಿನಲ್ಲೇ. ಇದೇ ಕಾರಣಕ್ಕೆ ಅಮೆರಿಕದಲ್ಲಿ 20 ಬೋರ್ ತೋಟಾಗೆ ಹಳದಿ ಬಣ್ಣ ಅಂತ ಗೊತ್ತು ಮಾಡಿಕೊಂಡಿದ್ದಾರೆ. ನಮ್ಮ ಅಟ್ಟದ ಡಬ್ಬಿಗಳಲ್ಲಿ ಆ ಬಣ್ಣ ನಂಬೋ ಹಾಗಿಲ್ಲ, ನಮ್ಮ ಮನೆಯದ್ದು ಕೆಂಪೇ ಇತ್ತು.

ಬೋರ್ ಒಂದೇ ಆದರೂ ಉದ್ದ ಬೇರೆ ಇರುತ್ತೆ, ಇದು ಇನ್ನೂ ಕಳ್ಳ ವಿಷಯ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ತುಂಬಾ ಕಡೆ ಚೇಂಬರ್ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಈಗ ಅಂಗಡಿಯಲ್ಲಿ ಸಿಗುವ ಶಕ್ತಿಮಾನ್ ತೋಟಾ 70 ಮಿ.ಮೀ. ಜಾಸ್ತಿ ಜೋರಿನ ಮ್ಯಾಗ್ನಂ ತೋಟಾ ಅಂದರೆ 76. ಈ ಅಳತೆ ತೋಟಾ ಹಾರಿದ ಮೇಲೆ, ಅದರ ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರುವ ಮೊದಲು ಬಾಯಿ ಮಡಚಿರುವುದರಿಂದ ಗಿಡ್ಡ ಇರುತ್ತೆ. ಹಾಗಾಗಿ 70ರ ತೋಟಾ 65ರ ಚೇಂಬರಿಗೆ ಸಲೀಸಾಗಿ ಹೋಗುತ್ತೆ! ಹಾರಿದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲ, ನಳಿಗೆ ಕಿರಿದಾಗುವ ಕಡೆ ಹೋಗಿ ಒತ್ತುತ್ತೆ, ಚರೆ ಹೋಗುವ ದಾರಿ ಇಕ್ಕಟ್ಟಾಗುತ್ತೆ, ಒತ್ತಡ ಏರುತ್ತೆ. ಒಂದು ಸಲಕ್ಕೆ ಏನೂ ಆಗದೆ ಇರಬಹುದು. ಅಜ್ಜನ ಕಾಲದಿಂದ ಇದನ್ನೇ ಹೊಡೀತಿದೀವಿ ಅನ್ನೋರಿಗೆ ನಾನು ಹೇಳೋದು ಇಷ್ಟೇ: ಕೋವಿಗೂ ಅಜ್ಜನಷ್ಟೇ ವಯಸ್ಸಾಗಿದೆ ಅಲ್ವಾ.

ರೈಫಲ್ ಆದರೆ

ನಮ್ಮ ಕಡೆ ರೈಫಲ್ ಅಂದರೆ ಬಹುಪಾಲು ತ್ರೀ ಫಿಫ್ಟೀನ್, .315. ಇದು ಯಾಕೆ ಹೀಗೆ ಅಂತ ಗೊತ್ತಿರಬೇಕು, ಯಾಕೆಂದರೆ ಗೊಂದಲದ ಬೇರು ಅಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾ .303. ಸೈನ್ಯದಿಂದ ಕದ್ದ ತೋಟಾ ಜನರ ಬಂದೂಕಿಗೆ ಬಳಕೆಯಾಗಬಾರದು ಅಂತ ಸೈನ್ಯದ ಅಳತೆಗಳನ್ನೇ ಜನಸಾಮಾನ್ಯರಿಗೆ ನಿಷೇಧ ಮಾಡಿದರು. ಬದಲಿಗೆ ಆಸ್ಟ್ರಿಯಾದ ಮ್ಯಾನ್‌ಲಿಷರ್ ರೈಫಲಿನ 8 ಮಿ.ಮೀ. ತೋಟಾ ಇಲ್ಲಿಗೆ .315 ಆಗಿ ಬಂತು. 8 ಮಿ.ಮೀ. ಅಂದರೆ ಇಂಚಿನ ಲೆಕ್ಕದಲ್ಲಿ .315, ಅಷ್ಟೇ. ಸ್ವಾತಂತ್ರ್ಯ ಬಂದರೂ .303 ನಿಷೇಧಿತ ಬೋರಾಗೇ ಉಳಿಯಿತು, .315 ಕೂಡ ಉಳಿಯಿತು.

ಈಗ ತಮಾಷೆ ನೋಡಿ. ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲ್ ಮಾಡಿರುವುದು .303ರ ಹಳೇ ಲೀ ಎನ್‌ಫೀಲ್ಡ್ ಮಾದರಿಯ ಮೇಲೇ. ಪಕ್ಕಪಕ್ಕ ಇಟ್ಟರೆ ಬೋಲ್ಟು, ಮ್ಯಾಗಜೀನು ಎಲ್ಲ ಅಣ್ಣತಮ್ಮಂದಿರ ಹಾಗೆ. ಹಾಗಾಗಿ ಕೋವಿಯ ರೂಪ ನೋಡಿ ತೋಟಾ ಹೇಳುವುದು ಸಾಧ್ಯವೇ ಇಲ್ಲ. .303ರ ಕೇಸು 56 ಮಿ.ಮೀ. ಉದ್ದ, .315ದ್ದು 50. ಒಂದರಲ್ಲಿ ಇನ್ನೊಂದು ಸರಿಯಾಗಿ ಕೂರಲ್ಲ, ಬೋಲ್ಟ್ ಬಿಗಿಯಾಗುತ್ತೆ. ಬೋಲ್ಟ್ ಬಿಗಿಯಾಯಿತು ಅಂದರೆ ಕೋವಿ ನಿಮಗೆ ಏನೋ ಹೇಳುತ್ತಿದೆ ಅಂತ ಅರ್ಥ, ಅಂಗೈಯಲ್ಲಿ ಗುದ್ದಿ ಮುಚ್ಚುವುದಲ್ಲ. ಅದೂ ಅಲ್ಲದೆ ಮನೆಯಲ್ಲಿ .303 ತೋಟಾ ಇದ್ದರೆ ಅದೇ ಒಂದು ಪೊಲೀಸ್ ಕೇಸಾಗುತ್ತೆ.

"8 ಎಂಎಂ" ಅನ್ನೋ ಹೆಸರೂ ಮೋಸ. ನಮ್ಮ .315ಕ್ಕೂ 8 ಎಂಎಂ ಅಂತಾರೆ, ಜರ್ಮನ್ ಮೌಸರ್‌ಗೂ 8 ಎಂಎಂ ಅಂತಾರೆ. ಮೌಸರ್ ಕೇಸು 57 ಮಿ.ಮೀ., ಬುಡದಲ್ಲಿ ಹೊರಚಾಚಿದ ಅಂಚಿಲ್ಲ. .315ಕ್ಕೆ ಅಂಚಿದೆ. ಮೌಸರ್ ಒಳಗೇ ಮತ್ತೆ ಎರಡು ಜಾತಿ: 1888ರ ಹಳೇ ಗುಂಡು .318 ಇಂಚು, ಆಮೇಲೆ 1905ರ ಹೊತ್ತಿಗೆ ಬಂದದ್ದು .323. ಕೇಸು ನೋಡೋಕೆ ಒಂದೇ, ಗುಂಡು ಮಾತ್ರ ಕೂದಲೆಳೆಯಷ್ಟು ದಪ್ಪ. ಹಳೇ ನಳಿಗೆಯಲ್ಲಿ ಹೊಸದನ್ನು ಹೊಡೆದರೆ ಆ ಕೂದಲೆಳೆಯೇ ಸಾಕು ಒತ್ತಡ ಏರೋಕೆ.

ಕೆಲವರ ಬಳಿ .30-06 ಇರುತ್ತೆ. ಇದರ ಚೇಂಬರ್ 63 ಮಿ.ಮೀ. ಕೇಸಿನದ್ದು, ಉದ್ದ. ಉದ್ದ ಚೇಂಬರ್ ಅಂದರೆ ಗಿಡ್ಡ ತೋಟಾಗಳಿಗೆಲ್ಲ ಬಾಗಿಲು ತೆರೆದ ಹಾಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳು ಕೆಲವು ಒಡೆದು ಚೂರಾಗಿದ್ದು ಇದೇ ರೀತಿ, .30-06 ರೈಫಲಿನಲ್ಲಿ ಜರ್ಮನ್ 8 ಎಂಎಂ ಹಾಕಿ ಹೊಡೆದಿದ್ದರು. .308 ಇಂಚಿನ ನಳಿಗೆಯಲ್ಲಿ .323 ಇಂಚಿನ ಗುಂಡು ತೂರಬೇಕಲ್ಲ. ಸೈನಿಕರಿಗೇ ಹೀಗಾಗಿದೆ ಅಂದಮೇಲೆ ನಾವು ಯಾವ ಲೆಕ್ಕ.

ಪಾಯಿಂಟ್ ಟೂಟೂ ಬಗ್ಗೆ ಸುಮ್ನೆ ಎರಡು ಮಾತು. ಸಾಮಾನ್ಯವಾಗಿ ಸಿಗೋದು .22 ಲಾಂಗ್ ರೈಫಲ್. .22 ಮ್ಯಾಗ್ನಂ ಅಂತ ಇನ್ನೊಂದಿದೆ, ಅದರ ಕೇಸು ಉದ್ದವೂ ಹೌದು, ಸ್ವಲ್ಪ ದಪ್ಪವೂ ಹೌದು. ಮ್ಯಾಗ್ನಂ ಚೇಂಬರಿನಲ್ಲಿ ಲಾಂಗ್ ರೈಫಲ್ ಹೊಡೆದರೆ ಕೇಸು ಸಡಿಲ ಇದ್ದು ಸೀಳುತ್ತೆ. ಸಣ್ಣ ಕೋವಿ ಏನಾಗುತ್ತೆ ಅಂದುಕೊಳ್ಳಬೇಡಿ, ಕಣ್ಣೂ ಸಣ್ಣದೇ.

ಹೇಗೆ ನೋಡಿಕೊಳ್ಳೋದು

ಮೊದಲು ಕೋವಿ ಖಾಲಿ ಮಾಡಿ. ಬೋಲ್ಟ್ ತೆಗೆದು ಅಥವಾ ಕೋವಿಯ ಬಾಯಿ ತೆರೆದು ಚೇಂಬರ್ ನೋಡಿ, ಮ್ಯಾಗಜೀನ್ ನೋಡಿ, ಕಿರುಬೆರಳು ಹಾಕಿ ನೋಡಿ. ನಮ್ಮ ತಮ್ಮನ ಕತೆ ನೆನಪಿದೆಯಲ್ಲ, ಚೇಂಬರ್ ಖಾಲಿ ಇದ್ದರೆ ಸಾಲದು, ನಳಿಗೆ ಪೂರ್ತಿ ಖಾಲಿ ಇರಬೇಕು. ಚೇಂಬರ್ ಕಡೆಯಿಂದ ಬೆಳಕಿನ ಎದುರು ಹಿಡಿದು ನೋಡಿದರೆ ಆ ತುದಿಯ ಬೆಳಕು ದುಂಡಗೆ ಕಾಣಬೇಕು. ಇಷ್ಟು ಮಾಡುವಾಗ ಡಬ್ಬಿ, ತೋಟಾ ಯಾವುದೂ ಆ ಮೇಜಿನ ಮೇಲೆ ಇರಬಾರದು. ಮಕ್ಕಳೂ.

ಆಮೇಲೆ ನಳಿಗೆಯ ಮೇಲಿನ ಬರಹ ಓದಿ. ರೈಫಲಿನಲ್ಲಿ ಇದು ಸಾಮಾನ್ಯವಾಗಿ ಚೇಂಬರಿನ ಮೇಲೆ ಅಥವಾ ಅದರ ಹತ್ತಿರ ಇರುತ್ತೆ. ಜೋಡುನಳಿಗೆಯಲ್ಲಿ ನಳಿಗೆ ಬಿಚ್ಚಿದರೆ ಅದರ ಅಡಿಭಾಗದಲ್ಲಿ, ಮರದ ಹಿಡಿ ಮುಚ್ಚುವ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಅಲ್ಲೇ ಬೋರು, ಚೇಂಬರಿನ ಉದ್ದ ಬರೆದಿರುತ್ತೆ. ಮಳೆಗಾಲದ ತುಕ್ಕು, ವರ್ಷಾನುಗಟ್ಟಲೆಯ ಎಣ್ಣೆ ಜಿಡ್ಡು ಸೇರಿ ಕಾಣದಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪ ಎಣ್ಣೆ ಹಾಕಿ ತಿಕ್ಕಿ, ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಅಕ್ಷರದ ಗುಳಿಯಲ್ಲಿ ಬಿಳಿ ನಿಲ್ಲುತ್ತೆ, ಓದೋಕೆ ಬರುತ್ತೆ. ಉಪ್ಪುಕಾಗದ ಮಾತ್ರ ಮುಟ್ಟಬೇಡಿ. ನಮ್ಮ ನೆಂಟರೊಬ್ಬರು ಕೋವಿ ಮಿರಮಿರ ಅನ್ನಲಿ ಅಂತ ಉಜ್ಜಿ ಉಜ್ಜಿ ಬರಹವನ್ನೇ ಅಳಿಸಿಬಿಟ್ಟರು, ಈಗ ಆ ಕೋವಿ ಏನು ಅಂತ ಅದಕ್ಕೇ ಗೊತ್ತಿಲ್ಲ. ಓದಿದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ. ಚುಕ್ಕೆ, ಅಡ್ಡಗೆರೆ, ಹಿಂದೆ ಮುಂದೆ ಇರುವ ಅಕ್ಷರ ಎಲ್ಲ ಇದ್ದ ಹಾಗೇ.

ಇನ್ನು ತೋಟಾ. ರಟ್ಟಿನ ಪೆಟ್ಟಿಗೆಯ ಮೇಲೆ ಬರೆದಿದ್ದು ಓದಿ, ಆದರೆ ಅದಷ್ಟನ್ನೇ ನಂಬಬೇಡಿ, ಪೆಟ್ಟಿಗೆಯಲ್ಲಿ ಯಾರು ಏನು ಬೇಕಾದರೂ ಹಾಕಿಟ್ಟಿರಬಹುದು. ಪ್ರತಿಯೊಂದು ತೋಟಾ ತಿರುಗಿಸಿ ಬುಡ ನೋಡಿ. ಅಲ್ಲಿ ಮಾಡಿದ ಕಾರ್ಖಾನೆಯ ಗುರುತು ಇರುತ್ತೆ, ಪುಣೆಯ ಖಡ್ಕಿ ಕಾರ್ಖಾನೆಯದಾದರೆ ಕೆಎಫ್ ಅಂತ. ಸಾಮಾನ್ಯವಾಗಿ ಬೋರೂ ಅಲ್ಲೇ ಇರುತ್ತೆ. 12 ಬೋರ್ ತೋಟಾ ಆದರೆ ಉದ್ದ ಮತ್ತು ಚರೆಯ ಸೈಜು ಮೈಮೇಲೆ ಅಚ್ಚಾಗಿರುತ್ತೆ. ನಳಿಗೆಯ ಮೇಲಿರುವುದು, ಪೆಟ್ಟಿಗೆಯ ಮೇಲಿರುವುದು, ತೋಟಾ ಬುಡದಲ್ಲಿರುವುದು, ಮೂರೂ ಒಂದೇ ಆಗಿರಬೇಕು. ಸುಮಾರಾಗಿ ಒಂದೇ ಅಂತ ಇಲ್ಲ ಇದರಲ್ಲಿ. 12 ಬೋರಿನ ಉದ್ದಕ್ಕೆ ಮಾತ್ರ ಒಂದು ರಿಯಾಯಿತಿ ಇದೆ, ಚೇಂಬರಿಗಿಂತ ಗಿಡ್ಡದ್ದು ನಡೆಯುತ್ತೆ, ಉದ್ದದ್ದು ಯಾವತ್ತೂ ನಡೆಯಲ್ಲ.

ನಾಲ್ಕನೇದಾಗಿ ಲೈಸೆನ್ಸ್ ಪುಸ್ತಕವನ್ನೂ ತೆಗೆದು ನೋಡಿ, ಅದರಲ್ಲೂ ಬೋರ್ ಬರೆದಿರುತ್ತೆ. ಆದರೆ ಅದನ್ನು ಬರೆದವರು ಮನುಷ್ಯರು. ಪುಸ್ತಕದಲ್ಲಿ ಒಂದು, ನಳಿಗೆಯಲ್ಲಿ ಇನ್ನೊಂದು ಇದ್ದರೆ ಪುಸ್ತಕ ನಂಬಿ ತೋಟಾ ಹಾಕಬೇಡಿ, ನಳಿಗೆ ನಂಬಿ ಸುಮ್ಮನೂ ಇರಬೇಡಿ, ಮೊದಲು ಅದನ್ನು ಸರಿ ಮಾಡಿಸಿ.

ಬರಹವೇ ಇಲ್ಲ, ಅಥವಾ ಯಾರೋ ನಳಿಗೆ ಬದಲಾಯಿಸಿದ್ದಾರೆ ಅಂತ ಅನುಮಾನ ಇದೆ ಅಂದರೆ? ಒಂದು ತೋಟಾ ಹಾಕಿ ನೋಡೋಣ ಅನ್ನೋದು ಉತ್ತರ ಅಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಿ. ಕಡಿಮೆ ಬಿಸಿಗೆ ಕರಗುವ ಒಂದು ಲೋಹವನ್ನು ಚೇಂಬರಿಗೆ ಹೊಯ್ದು, ಆರಿದ ಮೇಲೆ ತೆಗೆದು ಅಳೆಯುವ ಕ್ರಮ ಇದೆ. ಗಣಪತಿ ಅಚ್ಚು ತೆಗೆದ ಹಾಗೆ ಚೇಂಬರಿನ ಅಚ್ಚು ಕೈಗೆ ಬರುತ್ತೆ.

ಹೊಡೆಯುವ ದಿನ ಒಂದೇ ಕೋವಿ, ಒಂದೇ ಜಾತಿಯ ತೋಟಾ. ಎರಡು ಕೋವಿ ಇರುವ ಮನೆಯವರು ಎರಡರ ತೋಟಾವನ್ನೂ ಒಂದೇ ಜೇಬಿಗೆ ಹಾಕಿಕೊಂಡು ಹೋಗುತ್ತಾರಲ್ಲ, ರಾತ್ರಿ ತೋಟದಲ್ಲಿ ಕತ್ತಲೆಯಲ್ಲಿ ತಡಕಾಡಿ ತುಂಬುವಾಗ ಬೆರಳಿಗೆ ಅಕ್ಷರ ಓದೋಕೆ ಬರಲ್ಲ. ಈಡು ಹೊಡೆದಾಗ ಸದ್ದು ಎಂದಿನ ಹಾಗಿಲ್ಲದೆ "ಪುಸ್" ಅಂದರೆ ಅಲ್ಲೇ ನಿಲ್ಲಿಸಿ. ಕೋವಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಆಮೇಲೆ ಖಾಲಿ ಮಾಡಿ ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಹಾರಿದ ಕೇಸನ್ನೂ ಎಸೆಯಬೇಡಿ, ನೋಡಿ. ಕುತ್ತಿಗೆ ಸೀಳಿದ್ದರೆ, ಬುಡದ ಹತ್ತಿರ ಹೊಳೆಯುವ ಗೆರೆ ಬಳೆಯ ಹಾಗೆ ಸುತ್ತ ಬಂದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಇನ್ನೊಂದು ಹೊಡೆಯುವುದು ಬೇಡ.

ಹೊರದೇಶದಲ್ಲಿರುವ ನಮ್ಮವರಿಗೆ

ಟೆಕ್ಸಾಸಲ್ಲೋ ಅರಿಜೋನಾದಲ್ಲೋ ಇರುವ ನಮ್ಮ ಹುಡುಗರು ವೀಕೆಂಡಲ್ಲಿ ಶೂಟಿಂಗ್ ರೇಂಜಿಗೆ ಹೋಗೋದು ಈಗ ಮಾಮೂಲು. ಅಲ್ಲಿ ತೋಟಾ ಸಿಗೋದು ಸುಲಭ, ಜಾತಿಗಳು ಜಾಸ್ತಿ, ಹಾಗಾಗಿ ತಪ್ಪೂ ಸುಲಭ. ಮುಖ್ಯವಾಗಿ .300 ಬ್ಲ್ಯಾಕ್‌ಔಟ್. ಇದು .223 ರೈಫಲಿನ ಅದೇ ಮ್ಯಾಗಜೀನಿಗೆ, ಅದೇ ಬೋಲ್ಟಿಗೆ ಹೊಂದುವ ಹಾಗೆ ಮಾಡಿದ ತೋಟಾ. ಕೆಲವು ಸಲ .223ರ ಚೇಂಬರಿಗೂ ಹೋಗಿ ಕೂತುಬಿಡುತ್ತೆ. 5.7 ಮಿ.ಮೀ. ನಳಿಗೆಯಲ್ಲಿ 7.8 ಮಿ.ಮೀ. ಗುಂಡು. ರೈಫಲ್ ಒಡೆಯುತ್ತೆ, ಅನುಮಾನವೇ ಬೇಡ. ಎರಡೂ ಇಟ್ಟುಕೊಂಡವರು ಮ್ಯಾಗಜೀನಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಒಂದು ದಿನಕ್ಕೆ ಒಂದನ್ನೇ ತೆಗೆದುಕೊಂಡು ಹೋಗಿ. .223 ಅಂತ ಬರೆದ ರೈಫಲಿಗೆ 5.56 ನೇಟೋ ಹಾಕಬೇಡಿ, ಹೊರಗಿನ ಅಳತೆ ಒಂದೇ ಆದರೂ ಚೇಂಬರಿನ ಮುಂದಿನ ಭಾಗ ಬೇರೆ, ಒತ್ತಡ ಏರಬಹುದು. 5.56ರ ರೈಫಲಿನಲ್ಲಿ .223 ನಡೆಯುತ್ತೆ.

ಹೆಸರಿನ ಗೊಂದಲ ಕಂಪನಿಗಳಿಗೂ ತಪ್ಪಿಲ್ಲ. ಅಮೆರಿಕದ ಕೋವಿ ಕಂಪನಿ ರೆಮಿಂಗ್ಟನ್‌ನವರು 1957ರಲ್ಲಿ .280 ಅಂತ ಒಂದು ತೋಟಾ ತಂದರು. ಅದನ್ನು .270 ರೈಫಲಿಗೆ ಹಾಕಲೇ ಬಾರದು ಅಂತ ಅದರ ಭುಜವನ್ನು (ಕೇಸು ಕುತ್ತಿಗೆಯ ಕಡೆಗೆ ಕಿರಿದಾಗುವ ಜಾಗ) ಬೇಕಂತಲೇ ಒಂಚೂರು ಮುಂದಕ್ಕೆ ಸರಿಸಿದ್ದರು. ಅಷ್ಟು ಜಾಣರೇ 1979ರಲ್ಲಿ ಅದಕ್ಕೆ 7 ಎಂಎಂ ಎಕ್ಸ್‌ಪ್ರೆಸ್ ಅಂತ ಹೊಸ ಹೆಸರಿಟ್ಟರು. ಜನ ಅದನ್ನೂ 7 ಎಂಎಂ ಮ್ಯಾಗ್ನಂ ಅನ್ನೋ ಬೇರೆ ತೋಟಾವನ್ನೂ ಒಂದೇ ಅಂದುಕೊಳ್ಳೋಕೆ ಶುರುಮಾಡಿದರು. ಕೊನೆಗೆ ಹಳೇ ಹೆಸರಿಗೇ ವಾಪಸ್.

ಹಳೇ ತೋಟಾ ಏನು ಮಾಡೋದು ಅಂತ ಕೇಳುವವರು ತುಂಬಾ ಜನ ಇದ್ದಾರೆ. ನಮ್ಮ ಮಳೆಗೆ ಕಾಗದದ ತೋಟಾ ಊದಿಕೊಂಡಿರುತ್ತೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತೆ. ಬೋರ್ ಸರಿ ಇದ್ದರೂ ಅಂಥವನ್ನು ಹೊಡೆಯಬೇಡಿ. ಒಲೆಗೆ ಹಾಕುವುದು, ಕೆರೆಗೆ ಎಸೆಯುವುದು, ಕಾಫಿ ಗಿಡದ ಬುಡದಲ್ಲಿ ಹೂಳುವುದು, ಬಿಚ್ಚಿ ಮದ್ದು ತೆಗೆಯುವುದು ಯಾವುದೂ ಬೇಡ. ಯಾರೋ ಮನೆಯಲ್ಲೇ ತುಂಬಿಸಿಕೊಟ್ಟ ತೋಟಾ ಆದರೆ ಕೈಯಲ್ಲಿ ಹಿಡಿಯೋದೂ ಬೇಡ. ಲೈಸೆನ್ಸ್ ಇರುವ ಅಂಗಡಿಯವರನ್ನು ಕೇಳಿ, ಠಾಣೆಗೆ ಒಂದು ಅರ್ಜಿ ಬರೆದು ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಶೀದಿ ಇಟ್ಟುಕೊಳ್ಳಿ. ಅಪ್ಪ ಹಾಗೇ ಮಾಡಿದರು. ಡಬ್ಬಿಯನ್ನು ಮಾತ್ರ ಅಜ್ಜಿ ಬಿಡಲಿಲ್ಲ, ತೊಳೆದು ಬಿಸಿಲಿಗಿಟ್ಟು ಒಣಗಿಸಿದರು. ಈಗ ಅದರಲ್ಲಿ ಚಕ್ಕುಲಿ ಇದೆ.